ಮನೆಯಲ್ಲಿ ಅಂಬ್ರೆಲಾ ಲೈಟ್ ಇಟ್ಟು ಪೋರ್ಟ್ರೇಟ್ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ. ಅದರಲ್ಲೇ ಸೋಫಾ, ಟಿವಿ, ಒಂದು ದಿವಾನ. ಇಷ್ಟೇ ಜಾಗದಲ್ಲಿ ಒಂದು ಫ್ಲ್ಯಾಶ್, ಒಂದು ಅಂಬ್ರೆಲಾ (ಬೆಳಕು ಹರಡಲು ಫ್ಲ್ಯಾಶಿನ ಮುಂದೆ ಸಿಕ್ಕಿಸುವ ಕೊಡೆ) ಇಟ್ಟುಕೊಂಡು ಮನೆಯವರ, ನೆಂಟರ, ಪಕ್ಕದ ಮನೆ ಮಕ್ಕಳ ಫೋಟೋ ತೆಗೆಯುತ್ತಾ ಬಂದಿದ್ದೇನೆ. ನೋಡಿದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ದೊಡ್ಡ ಸ್ಟುಡಿಯೋ ಇರುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಸೋಫಾ ಪಕ್ಕಕ್ಕೆ ತಳ್ಳಿ ಫೋಟೋ ತೆಗೆಯುವವರಿಗಾಗಿ ಬರೆದದ್ದು ಇದು.

ಫ್ಲ್ಯಾಶ್ ಇದ್ದೇ ಇದೆಯಲ್ಲ, ಅದರ ಮೇಲೆ ಕೊಡೆ ಯಾಕೆ?

ಫ್ಲ್ಯಾಶಿನ ಬಾಯಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಷ್ಟು ಚಿಕ್ಕ ಜಾಗದಿಂದ ಬೆಳಕು ಬಂದರೆ ಮೂಗಿನ ನೆರಳು ಕೆನ್ನೆ ಮೇಲೆ ಚಾಕುವಿನಲ್ಲಿ ಕೊಯ್ದ ಹಾಗೆ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ನೆನಪಿಸಿಕೊಳ್ಳಿ. ಆಮೇಲೆ ಆಷಾಢದ ಮೋಡ ಕವಿದ ಹಗಲು ನೆನಪಿಸಿಕೊಳ್ಳಿ. ಸೂರ್ಯ ಅದೇ, ಆದರೆ ಈಗ ಇಡೀ ಆಕಾಶವೇ ದೀಪವಾಗಿದೆ. ಅದಕ್ಕೇ ನೆರಳಿನ ಅಂಚು ಕರಗಿಹೋಗುತ್ತದೆ. ಅಂಬ್ರೆಲಾ ಮಾಡುವುದು ಇದನ್ನೇ. ಬೆಳಕನ್ನು ಹೆಚ್ಚಿಸುವುದಿಲ್ಲ, ಇನ್ನೂ ಸ್ವಲ್ಪ ತಿನ್ನುತ್ತದೆ. ಆದರೆ ಬೆಂಕಿಪೊಟ್ಟಣದಷ್ಟಿದ್ದ ದೀಪವನ್ನು ಮೂರು ಅಡಿ ಅಗಲ ಮಾಡಿಬಿಡುತ್ತದೆ.

ಇದೇನೂ ಹೊಸ ವಿದ್ಯೆ ಅಲ್ಲ. 1956ರ ‘ಅಪರಾಜಿತೋ’ ಚಿತ್ರಕ್ಕೆ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲೇ ಕಟ್ಟಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಕೆಳಗಿನಿಂದ ಲೈಟುಗಳನ್ನು ಅದಕ್ಕೆ ಬಡಿಸಿ, ತಿರುಗಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ನಮ್ಮ ಅಂಬ್ರೆಲಾ ಅದೇ ಬಟ್ಟೆಯ ಮಡಚಿಡುವ ಮರಿ.

ಬಿಳಿಯದು ಕೊಳ್ಳಲೋ, ಹಿಂದೆ ಕಪ್ಪು ಬಟ್ಟೆ ಇರುವುದು ಕೊಳ್ಳಲೋ?

ಪೂರ್ತಿ ಬಿಳಿ ಇರುವುದು ಶೂಟ್ ಥ್ರೂ. ಬೆಳಕು ಬಟ್ಟೆಯನ್ನು ತೂರಿಕೊಂಡು ಮುಖಕ್ಕೆ ಬರುತ್ತದೆ. ಕಪ್ಪು ಬೆನ್ನಿನದು ರಿಫ್ಲೆಕ್ಟಿವ್. ಇದರಲ್ಲಿ ಫ್ಲ್ಯಾಶ್ ಮುಖದ ಕಡೆಗಲ್ಲ, ಕೊಡೆಯ ಒಳಕ್ಕೆ ತಿರುಗಿರುತ್ತದೆ. ಬೆಳಕು ಒಳಗಿನ ಬಿಳಿಗೋ ಬೆಳ್ಳಿ ಬಣ್ಣಕ್ಕೋ ಬಡಿದು ವಾಪಸ್ ಬರುತ್ತದೆ.

ಬಿಳಿಯದರ ದೊಡ್ಡ ಗುಣ ಎಂದರೆ ಅದನ್ನು ಮುಖಕ್ಕೆ ತೀರಾ ಹತ್ತಿರ ತರಬಹುದು. ಕಪ್ಪಿನದರಲ್ಲಿ ಕೋಲು, ಫ್ಲ್ಯಾಶ್ ಎಲ್ಲಾ ನಡುವೆ ಅಡ್ಡ ಬರುತ್ತವೆ. ಬಿಳಿಯದರ ಕೆಟ್ಟ ಗುಣ ಎಂದರೆ ಬೆಳಕಿನ ಒಂದು ಪಾಲು ಹಿಂದಕ್ಕೂ ಚಿಮ್ಮಿ ಇಡೀ ಕೋಣೆ ಬೆಳಗಿಸುತ್ತದೆ. ಗೋಡೆ ಬಿಳಿ ಇದ್ದರೆ ಅದೂ ಒಳ್ಳೆಯದೇ. ಗೋಡೆಗೆ ಬಣ್ಣ ಇದ್ದರೆ ಕಷ್ಟ. ಅದನ್ನು ಕೆಳಗೆ ಹೇಳುತ್ತೇನೆ. ಮೊದಲನೆಯದಾಗಿ ಒಂದೇ ಒಂದು ಕೊಳ್ಳುವುದಾದರೆ ನನ್ನ ಓಟು ಬಿಳಿಯದಕ್ಕೆ. ಕಪ್ಪು ಬೆನ್ನನ್ನು ಕಳಚಿ ಹಾಕುವ ಎರಡೂ ಬಗೆಯ ಅಂಬ್ರೆಲಾ ಸಿಗುತ್ತದೆ. ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ಬೆಳ್ಳಿ ಬಣ್ಣದ್ದು ಮನೆಗೆ ಬೇಡ. ಬೆಳಕು ಜಾಸ್ತಿ ಬರುತ್ತದೆ ನಿಜ, ಆದರೆ ಎಣ್ಣೆ ಹಚ್ಚಿದ ಹಣೆ ಅದರಲ್ಲಿ ಸ್ಟೀಲ್ ತಟ್ಟೆ ಥರ ಹೊಳೆಯುತ್ತದೆ.

ಎಷ್ಟು ಇಂಚಿನದು?

ಒಬ್ಬರ ಮುಖ, ಎದೆಮಟ್ಟದ ಫೋಟೋಗೆ 33 ಇಂಚು ಸಾಕು. ಇಬ್ಬರು ಮೂವರು ಕೂರುವುದಿದ್ದರೆ 43 ಇಂಚು. 60 ಇಂಚಿನದು ತಂದರೆ ಮನೆಯವರು ಹೊರಗೆ ನಿಲ್ಲಬೇಕಾಗುತ್ತದೆ.

ಅಂಬ್ರೆಲಾ ಬಿಟ್ಟು ಇನ್ನೇನು ಬೇಕು?

ಕ್ಯಾಮೆರಾದಿಂದ ಬಿಡಿಸಿ ದೂರ ಇಟ್ಟು ಹೊಡೆಯಬಹುದಾದ ಫ್ಲ್ಯಾಶ್. ಅದಕ್ಕೆ ಹೊಂದುವ ವೈರ್‌ಲೆಸ್ ಟ್ರಿಗರ್, ಅಂದರೆ ಕ್ಯಾಮೆರಾ ಒತ್ತಿದಾಗ ದೂರದ ಫ್ಲ್ಯಾಶನ್ನು ಮಿಂಚಿಸುವ ಸಾಧನ. ಏಳು ಅಡಿಯ ಸ್ಟ್ಯಾಂಡ್. ಸ್ಟ್ಯಾಂಡಿಗೂ ಫ್ಲ್ಯಾಶಿಗೂ ನಡುವೆ ಅಂಬ್ರೆಲಾ ಬ್ರಾಕೆಟ್. ಅದರಲ್ಲಿ ಕೋಲು ತೂರಿಸಲು ಒಂದು ತೂತು, ಬಿಗಿ ಮಾಡಲು ಒಂದು ತಿರುಪು ಇರುತ್ತದೆ. ಇಷ್ಟರಲ್ಲಿ ಅಗ್ಗದವುಗಳಲ್ಲಿ ಅಂಬ್ರೆಲಾನೂ ಒಂದು, ಕೆಲವು ನೂರು ರೂಪಾಯಿ ಅಷ್ಟೇ.

ಫ್ಲ್ಯಾಶಿಗೆ ಆಟೊಮ್ಯಾಟಿಕ್ ಸೌಲಭ್ಯ ಬೇಕಿಲ್ಲ. ಗೋಡಾಕ್ಸ್ ಟಿಟಿ600 ಥರದ ಮ್ಯಾನುಯಲ್ ಫ್ಲ್ಯಾಶ್ ಮನೆಗೆ ಧಾರಾಳವಾಗಿ ಸಾಕು. ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ರೀಚಾರ್ಜ್ ಆಗುವ ನಿಕಲ್ ಸೆಲ್ಲನ್ನೇ ಕೊಳ್ಳಿ. ಬಳಸಿ ಬಿಸಾಡುವ ಸೆಲ್ಲಿಗಿಂತ ಬೇಗ ಫ್ಲ್ಯಾಶ್ ಮತ್ತೆ ತಯಾರಾಗುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಇದು ನಮ್ಮ ಕಡೆ ಸಣ್ಣ ಮಾತಲ್ಲ.

ಫ್ಲ್ಯಾಶ್ ಸಿಕ್ಕಿಸಿದೆ, ಆದರೆ ಬೆಳಕು ಕೊಡೆಯ ನಡುವೆ ಮಾತ್ರ ಬೀಳುತ್ತಿದೆ.

ಫ್ಲ್ಯಾಶಿನ ಜೂಮ್ (ಬೆಳಕು ಎಷ್ಟು ಅಗಲಕ್ಕೆ ಹರಡಬೇಕು ಎಂಬ ಸೆಟ್ಟಿಂಗ್) 24ಕ್ಕೆ ಇಳಿಸಿ. ಕೋಲನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಬೆಳಕು ಅಂಚಿನ ತನಕ ತುಂಬುವ ಹಾಗೆ ನೋಡಿ. ಅರ್ಧ ತುಂಬಿದ 43 ಇಂಚಿನ ಕೊಡೆ 20 ಇಂಚಿನದಕ್ಕೆ ಸಮ.

ಮುಖದಿಂದ ಎಷ್ಟು ದೂರ ಇಡಬೇಕು?

ಎಲ್ಲಾ ಪ್ರಶ್ನೆಗಳಲ್ಲಿ ಇದೇ ಮುಖ್ಯ. ಹೊಸಬರ ಹತ್ತು ಫೋಟೋದಲ್ಲಿ ಎಂಟು ಕೆಡುವುದು ಅಂಬ್ರೆಲಾ ದೂರ ಇದ್ದದ್ದಕ್ಕೆ. ನನ್ನವೂ ಹಾಗೇ ಕೆಟ್ಟಿವೆ. ಸ್ಟ್ಯಾಂಡ್ ಫೋಟೋದಲ್ಲಿ ಬಂದುಬಿಡುತ್ತದೆ ಎಂಬ ಹೆದರಿಕೆಗೆ ಅದನ್ನು ಮೂಲೆಗೆ ಒತ್ತಿಡುತ್ತಿದ್ದೆ. ಮೂಲೆಯಲ್ಲಿಟ್ಟ 33 ಇಂಚು ಮತ್ತೆ ಚಿಕ್ಕ ದೀಪವೇ. ನೆರಳು ಮತ್ತೆ ಗಟ್ಟಿ.

ಅಂಬ್ರೆಲಾ ಎಷ್ಟು ಅಗಲ ಇದೆಯೋ ಅಷ್ಟೇ ದೂರದಲ್ಲಿ ಮುಖ ಇರಲಿ. 33 ಇಂಚಿನದು ಎಂದರೆ ಸುಮಾರು ಮೂರು ಅಡಿ. ಫೋಟೋದ ಅಂಚಿನಲ್ಲಿ ಕೊಡೆ ಇಣುಕುವ ತನಕ ಹತ್ತಿರ ತನ್ನಿ, ಆಮೇಲೆ ಒಂದು ಗೇಣು ಹಿಂದೆ ಸರಿಸಿ.

ಹತ್ತಿರ ತಂದರೆ ಇನ್ನೊಂದು ಲಾಭ ಇದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಹಾಲಿನ ಲೆಕ್ಕವನ್ನೇ ಹಾಕೋಣ. ಅಂಬ್ರೆಲಾದಿಂದ ಮುಖಕ್ಕೆ 3 ಅಡಿ, ಗೋಡೆಗೆ 8 ಅಡಿ. ಆಗ ಗೋಡೆಗೆ ಬೀಳುವ ಬೆಳಕು ಮುಖದ ಮೇಲಿನದರ ಸುಮಾರು ಏಳನೇ ಒಂದು ಪಾಲು. ಕ್ಯಾಲೆಂಡರಿನ ಮೊಳೆ, ಸ್ವಿಚ್ ಬೋರ್ಡು, ಮಕ್ಕಳು ಗೀಚಿದ ಪೆನ್ಸಿಲ್ ಗೆರೆ ಎಲ್ಲಾ ಕತ್ತಲಿಗೆ ಜಾರುತ್ತವೆ. ಈಗ ಅದೇ ಅಂಬ್ರೆಲಾನ ಮುಖದಿಂದ 6 ಅಡಿ ದೂರ ಇಡಿ. ಗೋಡೆಗೆ 11 ಅಡಿ ಆಯಿತು. ಮುಖಕ್ಕೂ ಗೋಡೆಗೂ ಮೂರು ಪಟ್ಟು ಚಿಲ್ಲರೆ ಮಾತ್ರ ವ್ಯತ್ಯಾಸ. ಮೊಳೆ ಮತ್ತೆ ಕಾಣುತ್ತದೆ. ಕೂರುವವರನ್ನು ಗೋಡೆಗೆ ಒರಗಿಸಬೇಡಿ ಎನ್ನುವುದೂ ಇದಕ್ಕೇ. ನಾಲ್ಕೈದು ಅಡಿ ಮುಂದೆ ಎಳೆದು ಕೂರಿಸಿ.

ಯಾವ ಕಡೆ, ಎಷ್ಟು ಎತ್ತರ?

ಕ್ಯಾಮೆರಾದಿಂದ ಒಂದು ಪಕ್ಕಕ್ಕೆ 45 ಡಿಗ್ರಿ, ಕಣ್ಣಿಗಿಂತ ಒಂದೆರಡು ಅಡಿ ಮೇಲೆ, ಸ್ವಲ್ಪ ಕೆಳಕ್ಕೆ ಬಾಗಿಸಿ. ಇಲ್ಲಿಂದ ಶುರು ಮಾಡಿ. ಕಣ್ಣಿನ ಗುಡ್ಡೆಯಲ್ಲಿ ಕೊಡೆಯ ದುಂಡು ಮಿನುಗು ಹತ್ತು ಗಂಟೆಯ ಅಥವಾ ಎರಡು ಗಂಟೆಯ ಜಾಗದಲ್ಲಿ ಕಾಣಬೇಕು. ಕಾಣದಿದ್ದರೆ ದೀಪ ತೀರಾ ಮೇಲಿದೆ.

ಇನ್ನಷ್ಟು ಪಕ್ಕಕ್ಕೆ ಒಯ್ದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರಿ, ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನ ಉಳಿಯುತ್ತದೆ. ಇದಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರೇ ಬಂದಿದೆ. ಅಜ್ಜಂದಿರ ಮುಖಕ್ಕೆ ಇದು ಬಹಳ ಒಪ್ಪುತ್ತದೆ. ದುಂಡು ಮುಖದ ಮಗುವಿಗೆ ಸುಮ್ನೆ ಯಾಕೆ ಅಷ್ಟು ಗಾಂಭೀರ್ಯ?

ಇನ್ನೊಂದು. ಕೊಡೆಯ ನಡುವನ್ನು ಮೂಗಿಗೇ ಗುರಿ ಇಡಬೇಡಿ. ಸ್ವಲ್ಪ ಮುಂದಕ್ಕೆ ತಿರುಗಿಸಿ, ಅಂಚಿನ ಬೆಳಕು ಮುಖಕ್ಕೆ ಬೀಳಲಿ. ಹೊಳಪು ತಗ್ಗುತ್ತದೆ.

ಕ್ಯಾಮೆರಾ ಸೆಟ್ಟಿಂಗ್ ಹೇಳಿ.

ಮ್ಯಾನುಯಲ್ ಮೋಡ್. ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 200, ಶಟರ್ (ಬೆಳಕು ಒಳಬರುವ ಹೊತ್ತು) 1/125 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್ 5.6, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ ಬಣ್ಣ ಹೊಂದಿಸುವುದು) ‘ಫ್ಲ್ಯಾಶ್’. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ಹೊಡೆಯಿರಿ. ಅದು ಹೆಚ್ಚುಕಡಿಮೆ ಕಪ್ಪಗೆ ಬರಬೇಕು. ಬಂದರೆ ಟ್ಯೂಬ್‌ಲೈಟು, ಕಿಟಕಿ ಯಾವುದೂ ನಿಮ್ಮ ಫೋಟೋಗೆ ಕೈ ಹಾಕುತ್ತಿಲ್ಲ ಎಂದು ಅರ್ಥ. ಈಗ ಫ್ಲ್ಯಾಶನ್ನು 1/8 ಪವರಿಗೆ ಇಟ್ಟು ಇನ್ನೊಂದು ಹೊಡೆಯಿರಿ. ಬೆಳ್ಳಗಾದರೆ 1/16, ಕಪ್ಪಾದರೆ 1/4. ಅಷ್ಟೇ. ಉಳಿದ ಯಾವುದನ್ನೂ ಮುಟ್ಟಬೇಡಿ.

ಫೋಟೋದ ಅರ್ಧ ಭಾಗ ಕಪ್ಪು ಪಟ್ಟಿ ಬರುತ್ತಿದೆ. ಫ್ಲ್ಯಾಶ್ ಕೆಟ್ಟಿದೆಯಾ?

ಇಲ್ಲ, ಶಟರ್ ಸ್ಪೀಡ್ ಜಾಸ್ತಿ ಆಗಿದೆ. ಹೆಚ್ಚಿನ ಕ್ಯಾಮೆರಾದಲ್ಲಿ ಎರಡು ಪರದೆ ಒಂದರ ಹಿಂದೆ ಒಂದು ಓಡುತ್ತವೆ. 1/200 ಅಥವಾ 1/250 ದಾಟಿದರೆ ಮೊದಲ ಪರದೆ ಪೂರ್ತಿ ತೆರೆಯುವ ಮುಂಚೆಯೇ ಎರಡನೆಯದು ಹೊರಟಿರುತ್ತದೆ. ಫ್ಲ್ಯಾಶ್ ಮಿಂಚಿದ ಗಳಿಗೆಯಲ್ಲಿ ಮುಚ್ಚಿದ್ದ ಭಾಗವೇ ಆ ಪಟ್ಟಿ. 1/125ಕ್ಕೆ ಇಳಿಸಿ.

ಮುಖದ ಒಂದು ಕಡೆ ಹಸಿರು ಹಸಿರು ಕಾಣುತ್ತಿದೆ. ವೈಟ್ ಬ್ಯಾಲೆನ್ಸ್ ಬದಲಾಯಿಸಿದರೂ ಹೋಗುತ್ತಿಲ್ಲ.

ನಿಮ್ಮ ಗೋಡೆಯ ಬಣ್ಣ ಯಾವುದು? ಹಸಿರು ತಾನೇ?

ಅಂಬ್ರೆಲಾದಿಂದ ಹೊರಟ ಬೆಳಕು ಮುಖಕ್ಕೆ ಮಾತ್ರ ಹೋಗುವುದಿಲ್ಲ. ಗೋಡೆ, ತಾರಸಿ, ನೆಲ ಎಲ್ಲಕ್ಕೂ ಬಡಿದು, ಅದರದರ ಬಣ್ಣ ಹೊತ್ತು ವಾಪಸ್ ಬರುತ್ತದೆ. ನಮ್ಮ ಮನೆಗಳ ಗೋಡೆಯೋ, ಒಂದು ಗಿಳಿ ಹಸಿರು, ಒಂದು ಗುಲಾಬಿ, ದೇವರ ಕೋಣೆ ಹಳದಿ. ದೀಪದ ಕಡೆಯ ಕೆನ್ನೆ ಸರಿಯಾಗಿದ್ದು ನೆರಳಿನ ಕೆನ್ನೆ ಮಾತ್ರ ಹಸಿರಾಗುತ್ತದೆ. ವೈಟ್ ಬ್ಯಾಲೆನ್ಸ್ ಸರಿಮಾಡಲು ಹೋದರೆ ಚೆನ್ನಾಗಿದ್ದ ಕೆನ್ನೆ ಕೆಡುತ್ತದೆ. ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ ಅಲ್ಲ ಇದು, ಕೋಣೆಯಲ್ಲೇ ತಿದ್ದಬೇಕು.

ನೆರಳಿನ ಕಡೆಯ ಗೋಡೆಗೆ ಬಿಳಿ ಪಂಚೆ ಅಥವಾ ಬಿಳಿ ಬೆಡ್‌ಶೀಟ್ ನೇತುಹಾಕಿ. ಬಟ್ಟೆ ಒಣಗಿಸುವ ಹಗ್ಗ, ಎರಡು ಕ್ಲಿಪ್ಪು ಸಾಕು. ಅಂಚಿಗೆ ಬಣ್ಣ ಇರುವ ಪಂಚೆ ಆದರೂ ಪರವಾಗಿಲ್ಲ.

ನೆಲವನ್ನು ಎಲ್ಲರೂ ಮರೆಯುತ್ತಾರೆ. ಅತ್ತೆಯ ಊರಿನ ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ. ಕೈಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಆಗಿದೆ. ಅಲ್ಲಿ ಯಾರ ಫೋಟೋ ತೆಗೆದರೂ ಗದ್ದದ ಕೆಳಗೆ ಕೆಂಪು ಬರುತ್ತಿತ್ತು. ಕುಂಕುಮ ಉದುರಿದೆಯೇನೋ ಎಂದು ಒಬ್ಬರಿಗೆ ಕತ್ತು ಒರೆಸಿಸಿದ್ದೂ ಆಯಿತು! ಆಮೇಲೆ ಕಾಲ ಬಳಿ ಒಂದು ಬಿಳಿ ಶೀಟ್ ಹಾಸಿದೆ. ಕೆಂಪೂ ಹೋಯಿತು, ಗದ್ದದ ಕೆಳಗಿನ ಕತ್ತಲೂ ಕಡಿಮೆ ಆಯಿತು.

ಒಂದೇ ದೀಪ, ಇನ್ನೊಂದು ಕಡೆ ತೀರಾ ಕತ್ತಲು. ಎರಡನೇ ಅಂಬ್ರೆಲಾ ಕೊಳ್ಳಲಾ?

ಈಗಲೇ ಬೇಡ. ಸ್ಟೇಷನರಿ ಅಂಗಡಿಯಲ್ಲಿ ಥರ್ಮಕೋಲ್ ಹಾಳೆ ತನ್ನಿ. ಮಕ್ಕಳ ಶಾಲೆಯ ಮಾಡೆಲ್‌ಗೆ ತಂದು ಉಳಿದದ್ದಿದ್ದರೆ ಇನ್ನೂ ಒಳ್ಳೆಯದು. ನೆರಳಿನ ಕಡೆ, ಮುಖದಿಂದ ಒಂದೂವರೆ ಎರಡು ಅಡಿಯಲ್ಲಿ ಕುರ್ಚಿಗೆ ಒರಗಿಸಿ ನಿಲ್ಲಿಸಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ.

ಇದರ ಉಲ್ಟಾ ಕೂಡ ಬೇಕಾಗುತ್ತದೆ. ಬಿಳಿ ಗೋಡೆಯ ಚಿಕ್ಕ ಕೋಣೆಯಲ್ಲಿ ಬೆಳಕು ಎಲ್ಲೆಲ್ಲೂ ತುಂಬಿ ಮುಖ ಚಪ್ಪಟೆ ಆಗಿಬಿಡುತ್ತದೆ. ಆಗ ನೆರಳಿನ ಕಡೆ ಒಂದು ಕರಿ ಕಂಬಳಿ ಹಿಡಿಸಿ. ಉಣ್ಣೆಯ ಒರಟು ಕಂಬಳಿ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಹಿನ್ನೆಲೆಗೂ ಅದನ್ನೇ ಕಟ್ಟಬಹುದು.

ಮಗಳಿಗೆ ಮೊಗ್ಗಿನ ಜಡೆ ಹಾಕಿಸುತ್ತಿದ್ದೇವೆ. ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವ ಹಾಗೆ ತೆಗೆಯಬೇಕು. ಒಂದೇ ಅಂಬ್ರೆಲಾದಲ್ಲಿ ಆಗುತ್ತಾ?

ಆಗುತ್ತೆ. ಆದರೆ ಅರ್ಧ ದಿನ ಮೊದಲೇ ಜಡೆ ಇಲ್ಲದೆ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಆ ದಿನ ಮಗುವಿಗೆ ತಲೆ ಭಾರ, ರೇಷ್ಮೆಯ ಸೆಕೆ, ಹೇರ್‌ಪಿನ್ನು ಚುಚ್ಚುವುದು ಬೇರೆ. ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ.

ಮೊದಲ ತೊಂದರೆ, ಕನ್ನಡಿಯಲ್ಲಿ ಕೊಡೆ ಕಾಣುವುದು. ಕ್ಯಾಮೆರಾ ಎಲ್ಲಿರುತ್ತದೋ ಅಲ್ಲೇ ಕಣ್ಣಿಟ್ಟು ಕನ್ನಡಿಯೊಳಗೆ ನೋಡಿ. ಕೊಡೆ ಕಂಡರೆ ಫೋಟೋದಲ್ಲೂ ಬರುತ್ತದೆ. ಕೊಡೆಯನ್ನು ಸರಿಸುವುದಕ್ಕಿಂತ ಕನ್ನಡಿಯನ್ನು ಒಂದು ಬೆರಳಿನಷ್ಟು ತಿರುಗಿಸುವುದು ಸುಲಭ. ನೀವೂ ಅದರಲ್ಲಿ ಕಾಣುತ್ತಿಲ್ಲ ತಾನೇ? ನಮ್ಮ ಮನೆಯ ಒಂದು ಫೋಟೋದಲ್ಲಿ ಜಡೆಯ ಪಕ್ಕ ಬನಿಯನ್ ಹಾಕಿಕೊಂಡ ನಾನೂ ಶಾಶ್ವತವಾಗಿ ಉಳಿದಿದ್ದೇನೆ.

ಎರಡನೇ ತೊಂದರೆ, ಮುಖಕ್ಕೆ ಬೆಳಕು ಬಿದ್ದು ಬೆನ್ನು ಕತ್ತಲಾಗುವುದು. ಅಂಬ್ರೆಲಾ ಮುಂದಿದ್ದರೆ ಜಡೆಗೆ ಬೆಳಕು ಹೋಗುವುದಾದರೂ ಹೇಗೆ? ಅದಕ್ಕೇ ಮಗುವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಅಂಬ್ರೆಲಾ ಅವಳ ಭುಜದ ನೇರಕ್ಕೆ ಬರಲಿ. ಆಗ ಒಂದೇ ಬೆಳಕು ಕೆನ್ನೆಯನ್ನೂ ಜಡೆಯನ್ನೂ ಸವರಿಕೊಂಡು ಹೋಗುತ್ತದೆ. ಕನ್ನಡಿಗೆ ಬಡಿದ ಬೆಳಕಿನ ಒಂದು ಪಾಲು ಬೆನ್ನಿಗೂ ವಾಪಸ್ ಬರುತ್ತದೆ. ಸಾಲದಿದ್ದರೆ ಕನ್ನಡಿಯ ಚೌಕಟ್ಟಿನ ಆಚೆ, ಕಾಣದ ಹಾಗೆ, ಒಂದು ಥರ್ಮಕೋಲ್.

ಮೂರನೆಯದು ಮೊಗ್ಗಿನ ಬಿಳುಪು. ಮುಖಕ್ಕೆ ಸರಿಯಾದ ಬೆಳಕಿನಲ್ಲಿ ಮೊಗ್ಗು ಬರೀ ಬಿಳಿ ಉಂಡೆ ಆಗಿಬಿಡುತ್ತದೆ. ಪವರ್ ಸ್ವಲ್ಪ ಇಳಿಸಿ, ಮೊಗ್ಗು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದೆಯೇ ಎಂದು ದೊಡ್ಡದು ಮಾಡಿ ನೋಡಿ. ಮುಖ ಒಂಚೂರು ಕಪ್ಪಾದರೆ ಆಮೇಲೆ ಎತ್ತಬಹುದು. ಹೋದ ಮೊಗ್ಗು ಬರುವುದಿಲ್ಲ. ಪಕ್ಕದ ಬೆಳಕು ಇಲ್ಲೂ ನಿಮ್ಮ ನೆರವಿಗೆ ಬರುತ್ತದೆ, ಮೊಗ್ಗು ಮೊಗ್ಗಿನ ನಡುವೆ ಸಣ್ಣ ನೆರಳು ಬಿದ್ದು ಹೆಣೆದದ್ದು ಎದ್ದು ಕಾಣುತ್ತದೆ. ಜಡೆ ಹೆಣೆದವರು ಅಷ್ಟು ಹೊತ್ತು ಕೂತಿದ್ದಕ್ಕೆ ಅಷ್ಟಾದರೂ ಕಾಣಬೇಕು ಅಲ್ವಾ.

ಕನ್ನಡಕದಲ್ಲಿ ಕೊಡೆ ಕಾಣುತ್ತದೆ.

ಸ್ಟ್ಯಾಂಡ್ ಇನ್ನೂ ಅರ್ಧ ಅಡಿ ಎತ್ತರಿಸಿ, ಗದ್ದ ತುಸು ಕೆಳಗೆ ಮಾಡಲು ಹೇಳಿ. ಆಗಲೂ ಹೋಗದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂಚೂರು ಮೇಲೆತ್ತಿ ಕೂರಿಸಿ. ಗಾಜು ನೆಲದ ಕಡೆ ವಾಲಿ ಹೊಳಪು ಮಾಯ ಆಗುತ್ತದೆ. ಫೋಟೋದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕಪ್ಪು ಬಣ್ಣದವರಿಗೆ ಪವರ್ ಜಾಸ್ತಿ ಕೊಡಬೇಕಾ?

ಬೇಡ. ಮುಖ ಇರುವ ಬಣ್ಣದಲ್ಲೇ ಬರಲಿ. ಬೆಳ್ಳಗೆ ಮಾಡಿಕೊಡಿ ಎಂದು ಕೇಳಿದವರಿಗೆ ನಾನು ನಯವಾಗಿಯೇ ಇಲ್ಲ ಅಂದಿದ್ದೇನೆ. ಕಪ್ಪು ಚರ್ಮ ಚೆಂದ ಕಾಣುವುದು ಅದರ ಮೇಲಿನ ಹೊಳಪಿನಿಂದ. ಅಂಬ್ರೆಲಾ ದೊಡ್ಡದಾಗಿ, ಹತ್ತಿರ, ಸ್ವಲ್ಪ ಪಕ್ಕಕ್ಕೆ ಇದ್ದರೆ ಆ ಹೊಳಪು ಚುಕ್ಕೆಯಾಗಿ ಕೂರದೆ ಕೆನ್ನೆಯ ಉದ್ದಕ್ಕೂ ಹರಡುತ್ತದೆ. ಪವರ್ ಏರಿಸಿದರೆ ಇದೇ ಹೋಗಿಬಿಡುತ್ತದೆ. ಒಂದು ಎಚ್ಚರ ಮಾತ್ರ ಸಾಕು, ಕಪ್ಪು ಕೂದಲು ಕರಿ ಹಿನ್ನೆಲೆಯಲ್ಲಿ ಕರಗದ ಹಾಗೆ ಹಿಂದೆ ತಿಳಿ ಬಣ್ಣದ ಬಟ್ಟೆ ಕಟ್ಟಿ.

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ.

ಮೇಲೆ ಹೇಳಿದ ಫ್ಲ್ಯಾಶನ್ನು ಮೊಬೈಲ್ ತಾನಾಗಿ ಹೊಡೆಯಲಾರದು. ಸದಾ ಉರಿಯುವ ಎಲ್‌ಇಡಿ ಬೇಕು. ಅಂಬ್ರೆಲಾ ತೂತಿರುವ ಬಲ್ಬ್ ಹೋಲ್ಡರ್ ಕಿಟ್ ಸಿಗುತ್ತದೆ. ಆದರೆ ಅದರ ಹೋಲ್ಡರ್ ಸಾಮಾನ್ಯವಾಗಿ ತಿರುಪಿನದು, ನಮ್ಮ ಮನೆಯ ಬಲ್ಬು ಪಿನ್ನಿನದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತಿರುಪಿನ ಬಲ್ಬನ್ನೇ ಕೇಳಿ ತನ್ನಿ. ಹಳೇ ಹ್ಯಾಲೊಜೆನ್ ದೀಪವನ್ನು ಮಾತ್ರ ಕೊಡೆಯೊಳಗೆ ಇಡಬೇಡಿ, ಬಟ್ಟೆ ಸುಟ್ಟೀತು.

ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ಮಿಣುಕಿ ಫೋಟೋದಲ್ಲಿ ಅಡ್ಡ ಪಟ್ಟೆ ಬಂದರೆ ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100 ಇಡಿ. ಮನೆಯ ಉಳಿದ ದೀಪ ಆರಿಸಿ. ಮೊಬೈಲ್ ಪರದೆಯಲ್ಲಿ ಕಾಣುವ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ.

ಸ್ಟ್ಯಾಂಡ್ ಬೀಳುವ ಹೆದರಿಕೆ ಇದೆ.

ಇರಬೇಕು. ಅಂಬ್ರೆಲಾ ಗಾಳಿಗೆ ಹಾಯಿ ಇದ್ದ ಹಾಗೆ. ಮೊದಲು ಫ್ಯಾನ್ ಆರಿಸಿ. ನಾನು ಸ್ಟ್ಯಾಂಡ್ ಎತ್ತರಿಸುವ ಭರದಲ್ಲಿ ಮೇಲೆ ನೋಡದೆ, ಓಡುತ್ತಿದ್ದ ಫ್ಯಾನಿಗೆ ಕೊಡೆ ತಾಗಿಸಿ ಎರಡು ಕಡ್ಡಿ ಮುರಿದುಕೊಂಡಿದ್ದೇನೆ. ಸದ್ಯ, ಕೆಳಗೆ ಯಾರೂ ಇರಲಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಅಗಲಿಸಿ, ಒಂದು ಕಾಲು ಕೊಡೆ ಇರುವ ದಿಕ್ಕಿಗೇ ಇರಲಿ. ಐದು ಕೆಜಿ ರಾಗಿ ಹಿಟ್ಟಿನ ಚೀಲವನ್ನು ಕಾಲಿನ ಮೇಲೆ ಕೂರಿಸಿ. ಮಕ್ಕಳು ಓಡಾಡುವ ಮನೆಯಾದರೆ ಎರಡು ಚೀಲ.

ಮಾವನ ಹಳೇ ಸ್ಟುಡಿಯೋ ಫ್ಲ್ಯಾಶ್ ಅಟ್ಟದಲ್ಲಿದೆ, ಬಳಸಬಹುದಾ?

ನೇರವಾಗಿ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಫಿಲ್ಮ್ ಕಾಲದ ಕೆಲವು ಫ್ಲ್ಯಾಶುಗಳ ಟ್ರಿಗರ್ ತುದಿಯಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ. ಹಲವು ಡಿಜಿಟಲ್ ಕ್ಯಾಮೆರಾಗಳ ಒಳಗಿನ ಸರ್ಕ್ಯೂಟ್ ಅದನ್ನು ತಡೆಯಲಾರದು.

ಮಳೆಗೆ ಹಿಡಿಯುವ ಕೊಡೆಯಲ್ಲೇ ಮಾಡಬಹುದಾ?

ಕಪ್ಪು ಕೊಡೆ ಬೆಳಕು ನುಂಗುತ್ತದೆ. ಒಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ ಒರಟಾದ ಬೆಳ್ಳಿ ಅಂಬ್ರೆಲಾ ಆಗುತ್ತದೆ. ಹಿಡಿಕೆ ಮಾತ್ರ ಬ್ರಾಕೆಟ್ಟಿನ ತೂತಿಗೆ ಹೋಗುವುದಿಲ್ಲ, ಟೇಪ್ ಸುತ್ತಬೇಕು. ಒಂದು ಭಾನುವಾರದ ಆಟಕ್ಕೆ ಚೆನ್ನಾಗಿದೆ.

ಸಾಫ್ಟ್‌ಬಾಕ್ಸ್ ಇದಕ್ಕಿಂತ ಒಳ್ಳೆಯದಂತೆ?

ಅದು ಫ್ಲ್ಯಾಶನ್ನು ಒಳಗಿಟ್ಟು, ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ. ಬೆಳಕು ಎಲ್ಲಿ ಬೀಳಬೇಕು ಎಂಬ ಹಿಡಿತ ಅದರಲ್ಲಿ ಜಾಸ್ತಿ, ನಿಜ. ಬಣ್ಣದ ಗೋಡೆಯವರಿಗೆ ಅದು ಅನುಕೂಲವೂ ಹೌದು. ಆದರೆ ಜೋಡಿಸಿ ಬಿಚ್ಚುವ ಹೊತ್ತಿಗೆ ಮಗು ಮಲಗಿರುತ್ತದೆ. ಕೊಡೆ ಒಂದೇ ಏಟಿಗೆ ಬಿಚ್ಚುತ್ತದೆ, ಬೀರುವಿನ ಹಿಂದೆ ನಿಲ್ಲುತ್ತದೆ.

ಮಳೆಗಾಲದಲ್ಲಿ ಹೇಗೆ ಇಟ್ಟುಕೊಳ್ಳುವುದು?

ಕರಾವಳಿ, ಮಲೆನಾಡಿನವರು ಕೇಳುವ ಪ್ರಶ್ನೆ ಇದು. ಥಂಡಿಗೆ ಕಡ್ಡಿ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಂದು ಕಲೆ ಬರುತ್ತದೆ. ಮಡಚಿ ಕವರಿಗೆ ತುರುಕುವ ಮೊದಲು ಅರ್ಧ ಗಂಟೆ ಫ್ಯಾನ್ ಕೆಳಗೆ ಬಿಚ್ಚಿಡಿ, ಫ್ಯಾನಿಗೆ ತಾಗದಷ್ಟು ಕೆಳಗೆ. ವರ್ಷಗಳಾದ ಮೇಲೆ ಬಟ್ಟೆ ಹಳದಿಗೆ ತಿರುಗಿ ಬೆಳಕೂ ಹಳದಿಯಾಗುತ್ತದೆ. ಹೊಸ ಬಿಳಿ ಕಾಗದ ಪಕ್ಕದಲ್ಲಿ ಹಿಡಿದು ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆದರೆ ಹೊಸದು ತಗೊಳ್ಳಿ, ಹಳೆಯದು ಮಕ್ಕಳಿಗೆ ಆಡಲು.